ಭಟ್ಟಿಗೆ ವಿದೇಶಿ ಸೌದೆ ಬಂದ ಡಿಸೆಂಬರ್

ಮೊನ್ನೆ ನಮ್ಮ ಕಾಲೇಜಿಗೆ ಯಾವುದೋ ಯಂತ್ರ ಬಂತು. ಯಾವ ಯಂತ್ರವೆಂದು ನಾನು ನೋಡಲಿಲ್ಲ. ಅಟೆಂಡರ್ ಅದರ ಮರದ ಪೆಟ್ಟಿಗೆಗೆ ಹಾರೆ ಕೊಟ್ಟು ಮೀಟಿದ ಕೂಡಲೇ ಒಂದು ವಾಸನೆ ಎದ್ದಿತು. ಸ್ವಲ್ಪ ಕರ್ಪೂರ, ಸ್ವಲ್ಪ ಹೊಸ ಪಾಲಿಶ್. ಪೈನ್ ಮರದ ವಾಸನೆ. ಜೊತೆಯಲ್ಲಿದ್ದವರು ಆಹಾ ಎಂದು ಮೂಗರಳಿಸಿದರು. ನನಗೆ ಮಾತ್ರ ಮೊದಲು ಬಾಯಲ್ಲಿ ಕ್ರಿಸ್‌ಮಸ್ ಕೇಕಿನ ರುಚಿ ಬಂತು, ಅದರ ಹಿಂದೆಯೇ ಬೆನ್ನಲ್ಲಿ ಬೆವರು.

ನಾನು ಕಾಮರ್ಸ್ ಮೇಷ್ಟ್ರು. ವಯಸ್ಸು ಐವತ್ತರ ಆಸುಪಾಸು. ವೃತ್ತಿ ಪಾಠ, ಪ್ರವೃತ್ತಿ ಚಿಂತೆ. ಮನೆಗೆ ಬೀಗ ಹಾಕಿ ಕುಂಬಾರಕೊಪ್ಪಲಿನ ಮುಖ್ಯರಸ್ತೆ ಸೇರುವಷ್ಟರಲ್ಲಿ, ಹಾಕಿದೆನೋ ಇಲ್ಲವೋ ಎಂದು ಸ್ಕೂಟರ್ ತಿರುಗಿಸುವ ಜಾತಿ. ಒಮ್ಮೆ ಹಾಗೆ ಹಿಂದಿರುಗಿ, ಬೀಗ ಹಾಕಿರುವುದನ್ನು ಕಂಡು ಸಮಾಧಾನಪಟ್ಟು, ಗ್ಯಾಸ್ ಆರಿಸಿದೆನೋ ನೋಡೋಣವೆಂದು ಬೀಗ ತೆಗೆದು ಒಳಹೋಗಿ, ಆಮೇಲೆ ಬೀಗ ಹಾಕದೆಯೇ ಕಾಲೇಜಿಗೆ ಬಂದದ್ದೂ ಉಂಟು.

ಆ ವಾಸನೆ ನೆನಪಿಸಿದ ಡಿಸೆಂಬರ್‌ಗೆ ಕೆಲವು ವರ್ಷಗಳಾದವು. ಆಗ ನಾನು ತರಗತಿಯಲ್ಲಿ ವಿದೇಶ ವ್ಯಾಪಾರದ ಪಾಠ ಮಾಡುತ್ತಿದ್ದೆ. ಒಂದು ದೇಶವನ್ನು ಆರಿಸಿಕೊಂಡು, ಅದು ಹೊರಗಿನಿಂದ ತರಿಸಿಕೊಳ್ಳುವ ಸೌದೆ ವರ್ಷದಿಂದ ವರ್ಷಕ್ಕೆ ಹೇಗೆ ಏರಿತು, ಹೇಗೆ ಇಳಿಯಿತು ಎಂಬ ನಕ್ಷೆ ಬರೆದು ತನ್ನಿ ಎಂದು ಮಕ್ಕಳಿಗೆ ಹೇಳಿದ್ದೆ. ಪೆಟ್ರೋಲು, ಚಿನ್ನ ಅಂದರೆ ಮೊಬೈಲಿನಲ್ಲಿ ಸಿದ್ಧ ಉತ್ತರ ಸಿಗುತ್ತದೆ, ಸೌದೆಯಾದರೆ ಸ್ವಲ್ಪ ಒದ್ದಾಡಲಿ ಎಂಬ ಮೇಷ್ಟ್ರ ಸಣ್ಣತನ. ಒಬ್ಬ ಹುಡುಗಿ ತನ್ನ ನಕ್ಷೆ ಹಿಡಿದುಕೊಂಡು ಬಂದು, "ಸಾರ್, ಈ ದೇಶದ ತುಂಬಾ ಕಾಡೇ ಇದೆ. ಆದ್ರೂ ಸೌದೆನ ಹೊರಗಿಂದ ಯಾಕ್ ತರಿಸ್ತಾರೆ?" ಎಂದಳು. ಸಾಗಣೆ ವೆಚ್ಚ, ಗುಣಮಟ್ಟ, ಸರ್ಕಾರದ ನೀತಿ ಎಂದು ನಾನು ಪುಸ್ತಕದ್ದೆಲ್ಲ ಒದರಿದೆ. ಅವಳು ಮರ್ಯಾದೆಗೆ ತಲೆಯಾಡಿಸಿದಳು. ಅವಳಿಗೆ ನಂಬಿಕೆ ಬರಲಿಲ್ಲವೆಂದು ಗೊತ್ತಾಯಿತು. ನನಗೂ ಅಷ್ಟೇನೂ ಬಂದಿರಲಿಲ್ಲ.

ನನ್ನ ಅಕ್ಕ ಫಿಲೋಮಿನಾ, ಭಾವ ಲೂರ್ದುಸ್ವಾಮಿ ಇಬ್ಬರದೂ ಉದಯಗಿರಿ ಕಡೆಯ ಒಂದು ಒಳರಸ್ತೆಯಲ್ಲಿ ಬೇಕರಿ. ಬೋರ್ಡು ಚಿಕ್ಕದು, ಭಟ್ಟಿ ದೊಡ್ಡದು. ಭಾವನ ತಂದೆ ಕಟ್ಟಿಸಿದ ಇಟ್ಟಿಗೆಯ ಗುಮ್ಮಟ ಅದು. ಅದರ ಹೊಟ್ಟೆಯೊಳಗೇ ಸೌದೆ ಉರಿಸಬೇಕು. ಉರಿದ ಮೇಲೆ ಕೆಂಡವನ್ನು ಹೊರಕ್ಕೆಳೆದು, ಒದ್ದೆ ಗೋಣಿಯಿಂದ ನೆಲ ಒರೆಸಿ, ಇಟ್ಟಿಗೆ ಹಿಡಿದಿಟ್ಟುಕೊಂಡ ಬಿಸಿಯಲ್ಲೇ ಬೇಯಿಸಬೇಕು. ಪರೀಕ್ಷೆಯ ದಿನಗಳಲ್ಲಿ ನಾನು ಅದರ ಹೊರಗೋಡೆಗೆ ಬೆನ್ನು ಕೊಟ್ಟು ಓದಿದವನು. ನನ್ನ ಬುದ್ಧಿ ಬೆಂದದ್ದೂ ಅಲ್ಲೇ, ಸ್ವಲ್ಪ ಸೀದದ್ದೂ ಅಲ್ಲೇ.

ಆ ಭಟ್ಟಿಯ ಸೌದೆಗೂ ಒಂದು ನಕ್ಷೆ ಬರೆಯಬಹುದಿತ್ತು. ಭಾವನ ತಂದೆಯ ಕಾಲಕ್ಕೆ ಊರಂಚಿನ ತೋಪುಗಳಿಂದ ಹುಣಸೆ, ಮಾವು ಎತ್ತಿನ ಗಾಡಿಯಲ್ಲಿ ಬರುತ್ತಿತ್ತಂತೆ. ತೋಪುಗಳೆಲ್ಲ ಬಡಾವಣೆಗಳಾದವು. ಆಮೇಲೆ ಹೆಗ್ಗಡದೇವನಕೋಟೆ ಕಡೆಯಿಂದ ಲಾರಿ. ಅದೂ ನಿಂತು ಕೊಡಗಿನ ಕಾಫಿ ತೋಟಗಳ ಸಿಲ್ವರ್ ಓಕ್. ಅದು ಸಿಗದಿದ್ದಾಗ ಎಲ್ಲೆಲ್ಲಿಂದಲೋ ಸರ್ವೆ. ತಲೆಮಾರಿಗೊಮ್ಮೆ ಸೌದೆ ಒಂದಿಷ್ಟು ದೂರ ಸರಿದು ಕೂರುತ್ತಿತ್ತು. ಅದು ಸಮುದ್ರವನ್ನೇ ದಾಟಿ ಕೂರುತ್ತದೆಂದು ಮಾತ್ರ ನಾವ್ಯಾರೂ ಎಣಿಸಿರಲಿಲ್ಲ.

ಬೇಕರಿಯ ದಿನನಿತ್ಯದ ಬನ್ನು, ಬ್ರೆಡ್ಡಿಗೆ ಆಗಲೇ ಗ್ಯಾಸಿನ ಓವನ್ ಬಂದಿತ್ತು. ಸೌದೆಯ ಭಟ್ಟಿ ನಿಜವಾಗಿ ಉಸಿರಾಡುತ್ತಿದ್ದದ್ದು ಕ್ರಿಸ್‌ಮಸ್ಸಿನಲ್ಲಿ. ನಮ್ಮ ಚರ್ಚಿನ ಮನೆಗಳವರು ಕೇಕಿನ ಹಿಟ್ಟನ್ನು ಮನೆಯಲ್ಲೇ ಕಲಸಿ, ಟಿನ್ನಿಗೆ ಸುರಿದು, ಅದನ್ನು ಮಗುವಿನ ಹಾಗೆ ಎದೆಗವಚಿಕೊಂಡು ಬಂದು ಅಕ್ಕನ ಭಟ್ಟಿಯಲ್ಲಿ ಬೇಯಿಸಿಕೊಂಡು ಹೋಗುವುದು ಪದ್ಧತಿ. ಯಾರ ಟಿನ್ನು ಯಾವುದು ಎನ್ನುವುದಕ್ಕೆ ಚೀಟಿ ಅಂಟಿಸಿದರೆ ಸುಟ್ಟುಹೋಗುತ್ತದೆ. ಹಾಗಾಗಿ ಮನೆಗೊಂದು ಗೋಡಂಬಿಯ ಗುರುತು. ಒಬ್ಬರದು ಶಿಲುಬೆ, ಒಬ್ಬರದು ಅರ್ಧಚಂದ್ರ, ಇನ್ನೊಬ್ಬರದು ನಡುವೆ ಒಂದೇ ಒಂದು ಒಣದ್ರಾಕ್ಷಿ. ಗೋಡಂಬಿ ನೋಡಿಯೇ ಮನೆಯ ಸ್ಥಿತಿಗತಿ ಹೇಳಬಹುದಿತ್ತು.

ಆದರೆ ಕೆಲವು ಕ್ರಿಸ್‌ಮಸ್ಸುಗಳಿಂದ ಟಿನ್ನುಗಳ ಸಾಲು ಗಿಡ್ಡವಾಗುತ್ತ ಬಂದಿತ್ತು. ಮನೆಮನೆಗೂ ಕರೆಂಟಿನ ಓವನ್. ಜೊತೆಗೆ ಆ ವರ್ಷ ಭಾವನಿಗೆ ಮಂಡಿಯ ಆಪರೇಷನ್ ಆಗಿ, ಭಟ್ಟಿಯ ಮುಂದೆ ಕೂರುವುದಿರಲಿ, ಬಗ್ಗುವ ಹಾಗೂ ಇರಲಿಲ್ಲ. ಮೊಬೈಲ್ ರಿಪೇರಿಯವನೊಬ್ಬ ಆ ಜಾಗವನ್ನು ಬಾಡಿಗೆಗೆ ಕೇಳುತ್ತಿದ್ದ. ಅಕ್ಕ ತೀರ್ಮಾನ ಮಾಡಿಬಿಟ್ಟಿದ್ದಳು. "ಇದೊಂದ್ ಸಲ ನೋಡೋದು ಕಣೋ ಇನ್ನಾಸು. ಜನ ಬಂದ್ರಾ, ಸರಿ. ಬರ್ಲಿಲ್ವಾ, ಜನವರೀಲಿ ಭಟ್ಟಿ ಒಡೆಸ್ಬುಡೋದು. ನಾಲ್ಕು ಟಿನ್ನಿಗೋಸ್ಕರ ಒಂದ್ ಗುಮ್ಮಟ ಸಾಕಕ್ಕಾಗಲ್ಲ." ಹೀಗೆನ್ನುವಾಗ ಅವಳು ಸೆರಗಿನಿಂದ ಭಟ್ಟಿಯ ಬಾಯಿಯ ಮಸಿ ಒರೆಸುತ್ತಿದ್ದಳು. ಒಡೆಸುವವರು ಒರೆಸುವುದಿಲ್ಲ ಎಂದು ನನಗೆ ಸ್ವಲ್ಪ ಧೈರ್ಯ ಬಂತು. ನನ್ನ ಧೈರ್ಯ ಎಂದೂ ಹೆಚ್ಚು ಹೊತ್ತು ನಿಂತದ್ದಲ್ಲ.

ಅಷ್ಟರಲ್ಲಿ ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿಯಿತು. ಅದು ಕುಸಿದಾಗಲೆಲ್ಲ ನನ್ನದೂ ಕುಸಿಯುತ್ತದೆ. ಡಿಸೆಂಬರಿನಲ್ಲಿ ಮೈಸೂರಿಗೆ ಎಳೆಬಿಸಿಲು, ತೆಳುಚಳಿ ಬರಬೇಕು. ಆ ವರ್ಷ ಬಂದದ್ದು ಜಿಟಿಜಿಟಿ ಮಳೆ. ಚಾಮುಂಡಿಬೆಟ್ಟ ದಿನಗಟ್ಟಲೆ ಮೋಡದೊಳಗೆ ಮುಸುಕು ಹಾಕಿಕೊಂಡು ಮಲಗಿತ್ತು. ಹಿತ್ತಲಲ್ಲಿ ಒಟ್ಟಿದ್ದ ಸರ್ವೆಯ ಮೇಲಿನ ಟಾರ್ಪಾಲು ಹರಿದು, ಸೌದೆಯೆಲ್ಲ ತೊಯ್ದು ಅಣಬೆ ಎದ್ದವು. ಕೊಡಗಿನ ಲಾರಿ ತೋಟದ ಕೆಸರಿನಲ್ಲಿ ಹೂತು ನಿಂತಿತೆಂದು ಸುದ್ದಿ ಬಂತು.

ನಾನು ನಮ್ಮ ಕುಂಬಾರಕೊಪ್ಪಲಿನ ಮಹದೇವಣ್ಣನ ಬಳಿ ಓಡಿದೆ. ಅವನ ಮನೆಯವರು ಹಿಂದೆ ಅಲ್ಲಿಯೇ ಹೊಲ ಉಳುತ್ತಿದ್ದವರು. ಹೊಲ ಇದ್ದ ಕಡೆ ಈಗ ಮನೆಗಳಿವೆ, ಮಹದೇವಣ್ಣನ ಬಳಿ ಗೂಡ್ಸ್ ಆಟೋ ಇದೆ. ಅಕ್ಕನಿಗೆ ಸೌದೆ ತಂದುಹಾಕುತ್ತಿದ್ದವನೂ ಅವನೇ.

"ಒಣಗಿರೋ ಸೌದೆ ಎಲ್ಲೂ ಇಲ್ವಾ ಮಹದೇವಣ್ಣ?"

"ಮರ ಬೇಕಾದಷ್ಟೈತೆ ಮೇಷ್ಟ್ರೇ. ಎಲ್ಲಾ ತಲೆಗೆ ನೀರಾಕ್ಕೊಂಡು ನಿಂತವೆ."

ಆ ಹುಡುಗಿಯ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದು ಆಗ. ಮರ ಇರುವುದು ಬೇರೆ, ಬೇಕಾದ ದಿನಕ್ಕೆ ಒಣಗಿದ ಸೌದೆ ಇರುವುದು ಬೇರೆ. ನಡುವಿನ ಆ ಸಂದಿಯಲ್ಲಿಯೇ ಹಡಗು ಬಂದು ನಿಲ್ಲುತ್ತದೆ.

ನಮ್ಮ ಹಡಗು ಗೂಡ್ಸ್ ಆಟೋ ರೂಪದಲ್ಲಿ ಬಂತು. "ಒಂದ್ ಕೆಲ್ಸ ಮಾಡನ," ಎಂದ ಮಹದೇವಣ್ಣ. "ಇಲ್ಲೇ ಫ್ಯಾಕ್ಟ್ರಿಗಳಿಗೆ ಫಾರಿನ್ನಿಂದ ಮಿಷಿನ್ ಬತ್ತವಲ್ಲ, ಆ ಪೆಟ್ಟಿಗೆ ಮರ. ಗುಜರಿಯೋನು ಶೆಡ್ಡಲ್ಲಿ ಒಟ್ಟವ್ನೆ. ಒಂದ್ ತೊಟ್ಟು ನೀರು ಬಿದ್ದಿಲ್ಲ. ಒಣಗಿ ಹಪ್ಪಳ."

ಎರಡು ಸಲ ಹೋಗಿ ಬರುವಷ್ಟು ಹಲಗೆ ಬಂದು ಅಕ್ಕನ ಜಗಲಿಯಲ್ಲಿ ಬಿತ್ತು. ನನಗೆ ಎಲ್ಲಿಲ್ಲದ ಚಿಂತೆ ಶುರುವಾಯಿತು. ಒಂದೊಂದು ಹಲಗೆಯ ಮೇಲೂ ಕಾಯಿಸಿ ಒತ್ತಿದ ಮುದ್ರೆ. ಎರಡಕ್ಷರ ಯಾವ ದೇಶದ್ದೆಂದು ಹೇಳುತ್ತದೆ, ಇನ್ನೆರಡು ಅಕ್ಷರ ಹುಳ ಸಾಯಿಸಲು ಏನು ಮಾಡಿದ್ದಾರೆಂದು ಹೇಳುತ್ತದೆ. ಎಚ್‌ಟಿ ಅಂದರೆ ಬರೀ ಬಿಸಿಯಲ್ಲಿ ಕಾಯಿಸಿದ್ದು. ಎಂಬಿ ಅಂದರೆ ವಿಷದ ಹೊಗೆ ಹಾಕಿದ್ದು. ಇದನ್ನು ಓದಿ ತಿಳಿದುಕೊಂಡ ಮೇಲೆ ನಾನು ಕನ್ನಡಕ ಏರಿಸಿ, ಜಗಲಿಯಲ್ಲಿ ಕುಕ್ಕರಗಾಲಿನಲ್ಲಿ ಕೂತು, ಹಲಗೆಗಳನ್ನು ಒಂದೊಂದಾಗಿ ತಿರುಗಿಸಿ ನೋಡತೊಡಗಿದೆ. ಎಂಬಿ ಆಚೆಗೆ, ಎಚ್‌ಟಿ ಈಚೆಗೆ. ಭಾವ ಕುರ್ಚಿಯ ಮೇಲೆ ಕಾಲು ಚಾಚಿಕೊಂಡು ಅಡುಗೆಮನೆ ಕಡೆ ಕೂಗಿದರು.

"ಲೇ ಫಿಲೋಮಿನಾ, ನಿನ್ ತಮ್ಮ ಸೌದೆಗೆ ಪಾಸ್‌ಪೋರ್ಟ್ ಚೆಕ್ ಮಾಡ್ತಾವ್ನೆ ಬಾ!"

ಮಹದೇವಣ್ಣನಿಗೆ ಬೇರೆಯೇ ಕುತೂಹಲ. "ಇದ್ಯಾವ ದೇಸದ್ದು ಮೇಷ್ಟ್ರೇ?"

"ಫಿನ್‌ಲ್ಯಾಂಡ್."

"ಅಲ್ಲಿ ಚಳಿ ಜಾಸ್ತಿ ಅಲ್ವಾ? ಅಂಗಾದ್ರೆ ಚೆನ್ನಾಗ್ ಉರೀತದೆ ಬುಡಿ. ಚಳಿ ದೇಸದ ಸೌದೆ."

ಈ ತರ್ಕವನ್ನು ಯಾವ ಪಠ್ಯಪುಸ್ತಕವೂ ಮುರಿಯಲಾರದು. ಹೀಗೆ ಜರ್ಮನಿ ಒಂದು ರಾಶಿ, ನ್ಯೂಜಿಲೆಂಡ್ ಒಂದು ರಾಶಿ ಆಯಿತು. ನನಗೆ ಇನ್ನೊಂದು ವಿಚಾರ ಹೊಳೆದು ನಗು ಬಂತು. ಇವು ದೇಶದೊಳಗೆ ಬಂದದ್ದು ಯಂತ್ರದ ಹೊದಿಕೆಯಾಗಿ. ಸೌದೆಯ ಆಮದು ಎಂದು ಯಾವ ಲೆಕ್ಕದಲ್ಲೂ ಇವು ಸೇರಿರುವುದಿಲ್ಲ. ಮಕ್ಕಳು ಅಷ್ಟು ಕಷ್ಟಪಟ್ಟು ಬರೆದ ನಕ್ಷೆಗಳಲ್ಲಿ ನಮ್ಮ ಅಕ್ಕನ ಭಟ್ಟಿ ಎಂಬ ಪುಟ್ಟ ದೇಶ ಕಾಣುವುದೇ ಇಲ್ಲ.

ವಿಷದ ಬಗ್ಗೆ ಚಿಂತಿಸಿದೆ. ಮೊಳೆಗಳ ಬಗ್ಗೆ ಚಿಂತಿಸಿ, ಕಿತ್ತು ಡಬ್ಬಕ್ಕೆ ಹಾಕಿಸಿದೆ. ಚಿಮಣಿಗೆ ಬೆಂಕಿ ಹತ್ತೀತೆಂದು ಎರಡು ಬಕೆಟ್ ಮರಳು ತರಿಸಿಟ್ಟೆ. ಆಗಬಹುದಾದ ಅನಾಹುತಗಳನ್ನೆಲ್ಲ ಮೊದಲೇ ಚಿಂತಿಸಿ ಮುಗಿಸಿದರೆ ಅವು ನಾಚಿಕೊಂಡು ಬರುವುದಿಲ್ಲ ಎಂಬುದು ನನ್ನ ಹಳೆಯ ನಂಬಿಕೆ. ಆದರೆ ಅನಾಹುತಗಳು ನಾವು ಕಾದು ಕೂತ ಬಾಗಿಲಿನಿಂದ ಬರುವುದಿಲ್ಲ.

ಕೇಕಿನ ದಿನ ಬೆಳಗಾಯಿತು. ಮಳೆ ನಿಂತಿರಲಿಲ್ಲ, ಆದರೂ ಜನ ಬಂದರು. ಕೊಡೆಯ ಕೆಳಗೆ ಟಿನ್ನು, ಟಿನ್ನಿನ ಮೇಲೆ ತಟ್ಟೆ, ತಟ್ಟೆಯ ಮೇಲೆ ಕರವಸ್ತ್ರ. ಹಿಂದಿನ ವರ್ಷಕ್ಕಿಂತ ಹೆಚ್ಚಲ್ಲ, ಕಡಿಮೆಯೂ ಅಲ್ಲ. ಅಕ್ಕ ಸಾಲನ್ನು ಕಣ್ಣಲ್ಲೇ ಅಳೆದದ್ದನ್ನು ನಾನು ನೋಡಿದೆ. ತಕ್ಕಡಿ ಎತ್ತ ಬೇಕಾದರೂ ವಾಲಬಹುದಿತ್ತು.

ಭಟ್ಟಿಯೊಳಗೆ ಫಿನ್‌ಲ್ಯಾಂಡ್ ಉರಿಯಿತು. ಉರಿಯಿತು ಅನ್ನುವುದಕ್ಕಿಂತ ಕುಣಿಯಿತು. ಚಟಪಟ ಚಟಪಟ, ಆಳೆತ್ತರದ ಜ್ವಾಲೆ. ಇಷ್ಟು ಬೇಗ ಇಷ್ಟು ಬಿಸಿಯನ್ನು ಅಕ್ಕ ಎಂದೂ ಕಂಡಿರಲಿಲ್ಲ. ಸರ್ವೆಯಾದರೆ ಭಟ್ಟಿ ಅಷ್ಟು ಕಾಯುವ ಹೊತ್ತಿಗೆ ಹೊಗೆಯೆಲ್ಲ ಹೋಗಿ ಒಳಗೆ ಬರೀ ಕೆಂಡ ಉಳಿದಿರುತ್ತದೆ. ಆಗ ಕಬ್ಬಿಣದ ಬಾಗಿಲು ಮುಚ್ಚಿ ಸ್ವಲ್ಪ ಹೊತ್ತು ಬಿಡಬೇಕು. ಅದಕ್ಕೆ ಬಿಸಿ ಕೂರಿಸುವುದು ಎನ್ನುತ್ತಾರೆ. ಅಕ್ಕ ಅದೇ ರೂಢಿಯಲ್ಲಿ ಕೈಯೊಡ್ಡಿ ಬಿಸಿ ನೋಡಿದಳು, ಬಾಗಿಲು ಮುಚ್ಚಿದಳು. ಒಳಗೆ ಪೈನ್ ಇನ್ನೂ ಹೊಗೆಯಾಡುತ್ತಲೇ ಇತ್ತು. ಅದರ ರಾಳವೆಲ್ಲ ಎದ್ದು ಗುಮ್ಮಟಕ್ಕೆ ಅಂಟಿತು. ನಾನು ಮರಳಿನ ಬಕೆಟ್ ಹಿಡಿದುಕೊಂಡು ಚಿಮಣಿಯನ್ನೇ ದಿಟ್ಟಿಸುತ್ತ ನಿಂತಿದ್ದೆ.

ಮೊದಲ ಟಿನ್ನು ಪ್ರತಿವರ್ಷವೂ ಸಿಸಿಲಿಯಮ್ಮನದು. ದೊಡ್ಡಾಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿ ನಿವೃತ್ತರಾದವರು. ಅವರ ಮುಂದೆ ಫಾದರ್ ಕೂಡ ನೆಟ್ಟಗೆ ಕೂರುತ್ತಾರೆ. ಕೇಕು ಚಿನ್ನದ ಬಣ್ಣಕ್ಕೆ ಉಬ್ಬಿ ಬಂತು. ಎಲ್ಲರೂ ನೋಡುತ್ತಿದ್ದಂತೆ ಸಿಸಿಲಿಯಮ್ಮ ಅಂಚಿನಿಂದ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು. ಅಗಿದರು. ನಿಲ್ಲಿಸಿದರು. ಮತ್ತೆ ಅಗಿದರು.

"ಫಿಲೋಮಿನಾ, ಬೆಂದಿರೋದು ಚೆನ್ನಾಗಿ ಬೆಂದಿದೆ. ಆದ್ರೆ ಹೊಸಾ ಮರದ ಬೀರು ನೆಕ್ಕಿದ ಹಾಗಿದೆ ಕಣಮ್ಮ."

ಅಕ್ಕ ಒಂದು ಚೂರು ತಿಂದಳು. ನಾನೂ ತಿಂದೆ. ನಿಜ. ದ್ರಾಕ್ಷಿ, ಕಿತ್ತಳೆ ಸಿಪ್ಪೆ, ಲವಂಗ ಎಲ್ಲವನ್ನೂ ದಾಟಿಕೊಂಡು ಒಂದು ಫರ್ನಿಚರ್ ಅಂಗಡಿ ಬಾಯೊಳಗೆ ಬಾಗಿಲು ತೆರೆಯುತ್ತಿತ್ತು. ಭಾವನಿಗೆ ಕುರ್ಚಿಗೇ ಒಂದು ಚೂರು ಕೊಟ್ಟೆವು. ಅವರು ನಾಲಗೆ ಚಪ್ಪರಿಸಿ, "ರಾಳ ಹತ್ಬುಟ್ಟಿದೆ. ಗುಮ್ಮಟ ಬೆಳ್ಳಗಾಗೋ ತನಕ ಮತ್ತೆ ಉರಿಸ್ಬೇಕು. ಅದಕ್ಕೆ ಗಟ್ಟಿ ಸೌದೆ ಬೇಕು. ಇದನ್ನೇ ಮತ್ತೆ ಹಾಕಿದ್ರೆ ಇದೇ ಕತೆ," ಎಂದರು. ನಮ್ಮ ಹತ್ತಿರ ಇದ್ದ ಗಟ್ಟಿ ಸೌದೆಯಲ್ಲಿ ಅಣಬೆ ಬೆಳೆದಿತ್ತು.

ಅಕ್ಕ ಕೈ ಒರೆಸಿಕೊಂಡು ಜಗಲಿಗೆ ಬಂದಳು. ಅವಳ ದನಿ ನೆಟ್ಟಗಿತ್ತು. "ನೋಡ್ರಮ್ಮ, ಮುಚ್ಚುಮರೆ ಇಲ್ಲ. ಭಟ್ಟಿ ವಾಸನೆ ಹಿಡ್ಕೊಂಡಿದೆ, ಒಳ್ಳೆ ಸೌದೆ ನನ್ ಹತ್ರ ಇಲ್ಲ. ನಿಮ್ ಹಿಟ್ಟು ಹಾಳಾಗೋದು ಬೇಡ. ಮನೇಲಿ ಓವನ್ ಇರೋರು ತಗೊಂಡ್ ಹೋಗಿ, ಇಲ್ದೇ ಇರೋರು ಇರೋರ ಮನೆಗೆ ಕೊಡಿ. ನಾನೇನೂ ಬೇಜಾರ್ ಮಾಡ್ಕೊಳಲ್ಲ."

ಮೊದಲು ಎದ್ದವರು ಸಿಸಿಲಿಯಮ್ಮ. "ಯಾರೂ ಟಿನ್ ಮುಟ್ಬೇಡಿ," ಎಂದು ವಾರ್ಡಿನಲ್ಲಿ ಹೇಳುವ ದನಿಯಲ್ಲಿ ಹೇಳಿ, ಪಕ್ಕದವರ ಕಿವಿಯಲ್ಲಿ ಏನೋ ಪಿಸುಗುಟ್ಟಿ, ಕೊಡೆ ಬಿಚ್ಚಿಕೊಂಡು ಹೋದರು. ಪಕ್ಕದವರೂ ಹೋದರು. ಅವರ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಹೋದರು. ಜಗಲಿಯಲ್ಲಿ ಟಿನ್ನುಗಳು ಮಾತ್ರ ಗೋಡಂಬಿ ಹಲ್ಲು ಕಿರಿದುಕೊಂಡು ಕೂತಿದ್ದವು. ಹಿಟ್ಟನ್ನೂ ಬಿಟ್ಟುಹೋಗುವಷ್ಟು ಕೋಪವೇ ಎಂದುಕೊಂಡೆ. ನನ್ನ ಮನಸ್ಸು ಆಗಲೇ ಜನವರಿಗೆ ಹೋಗಿ, ಭಟ್ಟಿ ಒಡೆಸಿ, ಮೊಬೈಲ್ ರಿಪೇರಿಯವನ ಬೋರ್ಡಿನ ಬಣ್ಣವನ್ನೂ ನೋಡಿ, ಅದು ಚೆನ್ನಾಗಿಲ್ಲವೆಂದೂ ತೀರ್ಮಾನಿಸಿತ್ತು. ಅಕ್ಕ ಭಟ್ಟಿಯ ಬಾಯಿಯ ಮುಂದೆ ಕೂತು ಬೂದಿಯನ್ನು ಸುಮ್ಮನೆ ಗೀರುತ್ತಿದ್ದಳು.

ಹೊರಗೆ ಆಟೋ ನಿಂತಿತು. ಸಿಸಿಲಿಯಮ್ಮ ಮೊದಲು ಕೊಡೆ ಇಳಿಸಿದರು, ಆಮೇಲೆ ಹಗ್ಗದಲ್ಲಿ ಬಿಗಿದ ಒಂದು ಹೊರೆ ಹುಣಸೆ ಸೌದೆ ಇಳಿಸಿದರು.

"ಹಂಡೆ ಒಲೆಗೆ ಅಂತ ಇಟ್ಕೊಂಡಿದ್ದೆ. ಗೀಸರ್ ಬಂದ್ಮೇಲೆ ಅಟ್ಟ ಸೇರಿತ್ತು. ಕರೆಂಟ್ ಹೋದ್ರೆ ಇರ್ಲಿ ಅಂತ ಬಿಸಾಕಿರ್ಲಿಲ್ಲ. ನೋಡ್ತಾ ನಿಂತ್ಕೊಂಡ್ರೆ ಹೇಗೆ ಇನ್ನಾಸಪ್ಪ, ಹಿಡ್ಕೊಳಪ್ಪ!"

ಅವರ ಹಿಂದೆಯೇ ಉಳಿದವರು ಬಂದರು. ಒಬ್ಬರು ಗೋಣಿ ತುಂಬ ತೆಂಗಿನ ಚಿಪ್ಪು ತಂದರು. ಒಬ್ಬರು ಮಂಚದ ಕಾಲು, ಒಬ್ಬರು ಅಜ್ಜಿಯ ಕಾಲದ ಒನಕೆ. ಪಕ್ಕದ ಗ್ಯಾರೇಜಿನ ಮೆಕ್ಯಾನಿಕ್ ಜಬಿ ಸದ್ದು ಕೇಳಿ ಬಂದು, ತನ್ನ ಮುರಿದ ಬೆಂಚನ್ನು ಭುಜದ ಮೇಲೆ ಹೊತ್ತು ತಂದು ಇಳಿಸಿ, "ಅಕ್ಕಾ, ಕೇಕಲ್ಲಿ ನಂಗೆ ಮೂಲೆ ಪೀಸ್ ಬೇಕು," ಎಂದ. ಒಬ್ಬರಂತೂ ಆನೆ ಅಂಬಾರಿಯ ಕುಸುರಿ ಇದ್ದ ಬೀಟೆ ಮರದ ಚೌಕಟ್ಟನ್ನೇ ತಂದಿದ್ದರು. ಅಕ್ಕ ಅದನ್ನು ಕಸಿದುಕೊಂಡು, "ಅಂಬಾರಿ ಸುಟ್ಟು ಕೇಕ್ ಮಾಡಿದ್ರೆ ಮೈಸೂರಲ್ಲಿ ಬದುಕಕ್ಕಾಗುತ್ತಾ? ವಾಪಸ್ ತಗೊಂಡ್ ಹೋಗ್ರೀ," ಎಂದು ಗದರಿದಳು. ಗದರುವಾಗ ಅವಳ ಕಣ್ಣಲ್ಲಿ ನೀರಿತ್ತು. ಕೇಳಿದರೆ ಹೊಗೆ ಅನ್ನುತ್ತಿದ್ದಳು, ನಾನು ಕೇಳಲಿಲ್ಲ.

ಒಬ್ಬೊಬ್ಬರು ಹೊರೆ ಇಳಿಸುವಾಗಲೂ ಒಂದೇ ಮಾತು. "ಯಾವ್ದಕ್ಕೂ ಇರ್ಲಿ ಅಂತ ಇಟ್ಟಿದ್ದೆ." ಗ್ಯಾಸ್ ಮುಗಿದರೆ, ಕರೆಂಟ್ ಹೋದರೆ, ಮಳೆ ಹಿಡಿದರೆ. ಇಷ್ಟು ವರ್ಷ ಚಿಂತೆ ನನ್ನೊಬ್ಬನ ಕಾಯಿಲೆ ಎಂದುಕೊಂಡಿದ್ದೆ. ಇಡೀ ಊರಿನ ಅಟ್ಟಗಳ ಮೇಲೆ ಹೊರೆ ಹೊರೆ ಚಿಂತೆ ಒಣಗಿ, ಬೆಂಕಿಗೆ ಸಿದ್ಧವಾಗಿ ಕೂತಿತ್ತು. ಅದೂ ಯಾವ ದೇಶದ ಲೆಕ್ಕಕ್ಕೂ ಸೇರದ ಸೌದೆಯೇ.

ಭಾವ ಮಂಡಿಯನ್ನು ಬೈದುಕೊಂಡು ಕುರ್ಚಿಯನ್ನೇ ಭಟ್ಟಿಯ ಹತ್ತಿರ ಎಳೆಸಿಕೊಂಡರು. ಹುಣಸೆ ನಿಧಾನವಾಗಿ, ದೊಡ್ಡಮನುಷ್ಯನ ಹಾಗೆ ಉರಿಯಿತು. ಗುಮ್ಮಟ ಮೊದಲು ಕಪ್ಪಾಗಿ ಬೆವರಿತು, ಆಮೇಲೆ ಕಂದಾಯಿತು, ಕೊನೆಗೆ ಸುಣ್ಣ ಬಳಿದ ಹಾಗೆ ಬೆಳ್ಳಗಾಯಿತು. ಅಕ್ಕ ಮೊದಲು ತನ್ನ ಟಿನ್ನನ್ನೇ ಒಳಗಿಟ್ಟು, ತಾನೇ ತಿಂದು ನೋಡಿ, ತಲೆಯಾಡಿಸಿದಳು. ಉಳಿದವೆಲ್ಲ ಹಿಂದೆಯೇ ಹೋದವು. ಹೊತ್ತು ಏರಿದಂತೆ ಒಳರಸ್ತೆಯ ತುಂಬ ಕೇಕಿನ ಘಮ ಹಬ್ಬಿತು. ಮಧ್ಯಾಹ್ನ ಒಂದು ವಿಚಿತ್ರ ನಡೆಯಿತು. ಮನೆಯಲ್ಲಿ ಓವನ್ ಇದ್ದು ಬರುವುದು ನಿಲ್ಲಿಸಿದ್ದವರು, ಸೌದೆ ಕೇಳಿ ಹೋದವರಿಂದ ಸುದ್ದಿ ತಿಳಿದು, ಒಂದು ಕೈಯಲ್ಲಿ ಟಿನ್ನು, ಇನ್ನೊಂದು ಕಂಕುಳಲ್ಲಿ ಕಟ್ಟಿಗೆ ಹಿಡಿದುಕೊಂಡು ಬರತೊಡಗಿದರು. "ನಮ್ಮದೂ ಒಂದು ಇರ್ಲಿ ಫಿಲೋಮಿನಕ್ಕಾ." ಸಾಲು ಜಗಲಿ ದಾಟಿ, ಗ್ಯಾರೇಜು ದಾಟಿ, ರಸ್ತೆಯ ತಿರುವಿನ ತನಕ ಹೋಯಿತು.

ಸಿಸಿಲಿಯಮ್ಮ ಮನೆಗೆ ಹೋಗಿ ಮತ್ತೊಮ್ಮೆ ಹಿಟ್ಟು ಕಲಸಿಕೊಂಡು ಬಂದು, ಆ ಉದ್ದ ಸಾಲಿನ ಕೊನೆಯಲ್ಲಿ ನಿಂತರು. ಮುಂದೆ ಬನ್ನಿ ಎಂದರೆ, "ನನ್ನ ಸರದಿ ಬೆಳಿಗ್ಗೆ ಆಯ್ತಲ್ಲಮ್ಮ," ಎಂದರು. ಅವರ ಬೀರು ಕೇಕನ್ನು ಮಹದೇವಣ್ಣ ಪೂರ್ತಿ ತಿಂದ. "ಫಾರಿನ್ ಸೆಂಟು ಮೇಷ್ಟ್ರೇ. ನಿಮಗೆಲ್ಲ ಗೊತ್ತಾಗಕ್ಕಿಲ್ಲ."

ಜನವರಿಯಲ್ಲಿ ಮೊಬೈಲ್ ರಿಪೇರಿಯವನು ಅಳತೆ ಟೇಪು ಹಿಡಿದುಕೊಂಡು ಬಂದ. ಅಳೆಯಲು ಗೋಡೆಯೇ ಕಾಣಲಿಲ್ಲ. ಉಳಿದ ಸೌದೆಯನ್ನು ವಾಪಸ್ಸು ಒಯ್ಯಿರೆಂದರೆ ಯಾರೂ ಒಯ್ದಿರಲಿಲ್ಲ. ಅಕ್ಕ ಅವನಿಗೆ ಕಾಫಿ ಕೊಟ್ಟು, "ಜಾಗ ಖಾಲಿ ಇಲ್ಲ ಕಣಪ್ಪಾ," ಎಂದಳು. ಅಷ್ಟೇ. ಆ ವಿಷಯ ಮತ್ತೆ ನಮ್ಮ ಮನೆಯಲ್ಲಿ ಬರಲಿಲ್ಲ.

ಅಂದಿನಿಂದ ಜನ ಚರ್ಚಿಗೆ ಹೋಗುವಾಗ, ಬರುವಾಗ ಒಂದೊಂದು ತುಂಡು ಸೌದೆ ತಂದು ಅಕ್ಕನ ಹಿತ್ತಲಲ್ಲಿ ಒಗೆದು ಹೋಗುತ್ತಾರೆ. ಅಟ್ಟ ಖಾಲಿ ಮಾಡುವವರು, ಮರ ಸವರಿಸುವವರು, ಹಳೆಯ ಬಾಗಿಲು ಬದಲಾಯಿಸುವವರು, ಎಲ್ಲರಿಗೂ ಅದೇ ದಾರಿ. ಹೊಸದಾಗಿ ತಗಡಿನ ಚಾವಣಿ ಹಾಕಿಸಿದ್ದಾಯಿತು, ರಾಶಿ ಅದಕ್ಕೂ ತಲೆ ತಾಗಿಸುತ್ತಿದೆ. ಹೋದ ಭಾನುವಾರ ಬಗ್ಗಿ ನೋಡಿದೆ. ತಳದ ಒಂದು ಕೊರಡಿನ ಮೇಲೆ ಸಣ್ಣಗೆ, ಗೆರೆ ಎಳೆದ ಹಾಗೆ ಮಣ್ಣು.

"ಅಕ್ಕ, ಗೆದ್ದಲು ಕಣೇ! ರಾಶಿಗೆ ಹತ್ತಿದೆ. ಮುಂದೆ ಬಾಗಿಲಿಗೆ ಬರುತ್ತೆ, ಆಮೇಲೆ ತೊಲೆಗೆ..."

ಅಕ್ಕ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, ಕೊರಡನ್ನು ನೋಡಿ, ನನ್ನನ್ನು ನೋಡಿದಳು.

"ಒಳ್ಳೇದಾಯ್ತು ಬುಡು. ಸೌದೆ ಚಿಂತೆ ಹೋದ್ಮೇಲೆ ನೀನು ಏನ್ ಮಾಡ್ತೀಯೋ ಅಂತ ನನಗೆ ಅದೇ ಚಿಂತೆ ಆಗಿತ್ತು."